ಅಮ್ಮನ ಸ್ನಾನದ ಪರೀಕ್ಷೆ

ನಮ್ಮಮ್ಮ ಬಸವನಗುಡಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಲೆಕ್ಕದ ಮೇಡಂ ಆಗಿದ್ದವಳು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಕಾಲಿನ ಶಕ್ತಿ ಹೋಗಿತ್ತು, ಗತ್ತು ಹೋಗಿರಲಿಲ್ಲ. ಮನೆಯಲ್ಲಿ ಇದ್ದದ್ದು ಅವಳು ಮತ್ತು ಮದುವೆಯಾಗದ ನಾನು. ಎಬ್ಬಿಸುವುದು, ಕೂರಿಸುವುದು, ಊಟ, ಮಾತ್ರೆ ಎಲ್ಲ ನನ್ನಿಂದಾಗುತ್ತಿತ್ತು. ಸ್ನಾನ ಮಾತ್ರ ಆಗುತ್ತಿರಲಿಲ್ಲ. ಐವತ್ತು ದಾಟಿದ ಮಗ ಸ್ನಾನ ಮಾಡಿಸುವುದೆಂದರೆ ಅವಳಿಗೆ ಪ್ರಾಣ ಹೋದಷ್ಟು ಸಂಕೋಚ.

ಅದಕ್ಕೊಂದು ಏರ್ಪಾಡು ಮಾಡಿಕೊಂಡಿದ್ದೆವು. ಅವಳು ಬಚ್ಚಲಲ್ಲಿ ಸ್ಟೂಲಿನ ಮೇಲೆ; ನಾನು ಹೊರಗೆ, ಗೋಡೆಗೆ ಮುಖ ಮಾಡಿಕೊಂಡು. ಚಿಲಕ ಹಾಕುವಂತಿಲ್ಲ. ಎರಡು ನಿಮಿಷಕ್ಕೊಮ್ಮೆ ನಾನು "ಅಮ್ಮಾ?" ಎನ್ನಬೇಕು, ಅವಳು "ಪ್ರೆಸೆಂಟ್!" ಎನ್ನಬೇಕು.

ಒಂದು ಮಂಗಳವಾರ ಹಾಜರಿ ಬರಲಿಲ್ಲ. ಓಡಿಹೋಗಿ ನೋಡಿದರೆ ನೆಲದ ಮೇಲೆ ಟವಲು ಹೊದ್ದು ಕೂತಿದ್ದಾಳೆ. "ಕಣ್ಣು ಮುಚ್ಕೊಂಡು ಎತ್ತೋ," ಎಂದಳು. ಹಾಗೇ ಎತ್ತಿದೆ, ಇಬ್ಬರೂ ಸೇರಿ ಬಕೆಟ್ಟಿಗೆ ಡಿಕ್ಕಿ ಹೊಡೆದೆವು. ನಗುವೂ ಬಂತು, ಹೆದರಿಕೆಯೂ ಆಯಿತು. ಇನ್ನೊಮ್ಮೆ ಬಿದ್ದರೆ ಸೊಂಟ ಉಳಿಯುತ್ತಿರಲಿಲ್ಲ. ಆಮೇಲೆ ಎರಡು ವಾರ ಸ್ನಾನವೇ ಇಲ್ಲ, ಬರೀ ಒದ್ದೆ ಬಟ್ಟೆ ಮತ್ತು ಪೌಡರು.

ಚಾಮರಾಜಪೇಟೆಯ ಒಂದು ಸಂಘದವರು ಕೈಲಾಗದ ವೃದ್ಧರಿಗೆ ಸ್ನಾನ ಮಾಡಿಸಲು ಹೆಂಗಸರನ್ನು ಕಳಿಸುತ್ತಾರೆಂದು ತಿಳಿಯಿತು. ಇದ್ದ ಹೆಂಗಸರು ನಾಲ್ವರು, ಕೇಳುವ ಮನೆಗಳು ಬೀದಿಬೀದಿಗೆ. ಆದ್ದರಿಂದ ಮೊದಲು ಯಾರಾದರೂ ಬಂದು, ನಿಜಕ್ಕೂ ಕೈಲಾಗದವರೇ ಎಂದು ವಿಚಾರಿಸಿ, ಫಾರಂ ತುಂಬುತ್ತಿದ್ದರು. "ಆಗಲ್ಲ ಅಂತ ಹೇಳ್ಬಿಡಮ್ಮ, ಸಾಕು," ಎಂದು ವಾರವಿಡೀ ಹೇಳಿಕೊಟ್ಟೆ. "ಆಯ್ತಪ್ಪ," ಎಂದಳು.

ಬಂದಾಕೆ ಹೊಸ್ತಿಲಲ್ಲೇ "ಮಿಸ್! ನೀವಾ?" ಎಂದು ನಿಂತಳು. ಅಮ್ಮನ ಹಳೇ ಶಿಷ್ಯೆ. ಕೆಲಸ ಕೆಟ್ಟಿತೆಂದು ನನಗೆ ಆಗಲೇ ಗೊತ್ತಾಯಿತು.

"ಒಬ್ರೇ ಓಡಾಡ್ತೀರಾ ಮಿಸ್?"

"ಓಹೋ."

"ಸೀರೆ ನೀವೇ ಉಟ್ಕೋತೀರಾ?"

"ಮತ್ತಿನ್ಯಾರು ಉಡಿಸ್ತಾರೆ?"

"ಸ್ನಾನ?"

"ದಿನಾ! ಅದೂ ತಣ್ಣೀರಲ್ಲಿ!"

ತಣ್ಣೀರಿನ ವಿಷಯ ಕೇಳಿದವರು ಯಾರು? ನಾನು ಸುಳ್ಳು ಸುಳ್ಳು ಎಂದು ಕೈಯಾಡಿಸುತ್ತಿದ್ದೆ. "ಅವನನ್ನ ನೋಡ್ಬೇಡ. ಚಿಕ್ಕೋನಿದ್ದಾಗಿಂದ ಹೀಗೇ," ಎಂದಳು ಅಮ್ಮ. ನನಗೆ ಸಿಟ್ಟು ನೆತ್ತಿಗೇರಿತು.

ಆಕೆ ಉತ್ತರಗಳನ್ನು ಬರೆದುಕೊಂಡು ಫಾರಂ ಮಡಿಸಿ ಎದ್ದಳು. ಬಂದವರನ್ನು ಗೇಟಿನ ತನಕ ಕಳಿಸಿಕೊಡುವುದು ನಮ್ಮಮ್ಮನ ಪದ್ಧತಿ. ಕುರ್ಚಿಯ ಕೈ ಒತ್ತಿ ಏಳಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಮೂರನೇ ಸಲ ಕುರ್ಚಿ ಮಾತ್ರ ಕಿರುಗುಟ್ಟಿತು. ಶಿಷ್ಯೆ ತಲೆ ತಗ್ಗಿಸಿ ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ನಿಂತಳು.

"ಆ ಪೇಪರ್ ಕೊಡು ಇಲ್ಲಿ," ಎಂದಳು ಅಮ್ಮ. ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿ, ನನ್ನತ್ತ ಕೈ ಚಾಚಿದಳು. ಡ್ರಾಯರಿನಿಂದ ಕೆಂಪು ಪೆನ್ನು ತಂದುಕೊಟ್ಟೆ. ಮೂವತ್ತು ವರ್ಷದಲ್ಲಿ ಒಂದು ತಪ್ಪುತ್ತರಕ್ಕೂ ರೈಟು ಹಾಕಿದವಳಲ್ಲ. ಓಡಾಟ, ತಪ್ಪು. ಸೀರೆ, ತಪ್ಪು. ಸ್ನಾನದ ಹತ್ತಿರ ಪೆನ್ನು ತುಂಬ ಹೊತ್ತು ನಿಂತಿತು. ಬಿಡಮ್ಮ ಎನ್ನುವಷ್ಟು ಸಂಕಟವಾಯಿತು ನನಗೆ. ಅದನ್ನೂ ಹೊಡೆದುಹಾಕಿ ಕೆಳಗೆ ಸಹಿ ಮಾಡಿದಳು.

ಆಮೇಲೆ ಶಿಷ್ಯೆಯ ಮುಖ ನೋಡದೆ ಕೇಳಿದಳು: "ಎರಡು ವಾರ ಆಯ್ತು ಕಣೇ. ಇವತ್ತೇ ಒಂಚೂರು ಬೆನ್ನು ಉಜ್ಜಿಕೊಡ್ತೀಯಾ?"

ನಾನು ನೀರು ಕಾಯಿಸಿಕೊಟ್ಟು, ರೂಢಿಯಂತೆ ಹೊರಗೆ ಗೋಡೆಗೆ ಮುಖ ಮಾಡಿ ನಿಂತೆ. ಎರಡು ನಿಮಿಷವಾಯಿತು.

"ಅಮ್ಮಾ?"

"ಪ್ರೆಸೆಂಟ್!" ಎಂದು ಒಳಗಿನಿಂದ ಎರಡು ದನಿ ಬಂದವು.