ಲಾಭ ಎನ್ನದ ಅಳತೆ

ಬಂಟ್ವಾಳ ಪೇಟೆಯ ಮುನಿರಾಜ ಅರಿಗರ ಜವಳಿ ಅಂಗಡಿಗೆ ಬರುವವರು ನಿಜವಾಗಿ ಬರುತ್ತಿದ್ದದ್ದು ಅಲ್ಲಿ ಬಟ್ಟೆ ತೋರಿಸಿ ಅಳೆದುಕೊಡುವ ಆಳು ರುಕ್ಮಯ್ಯನ ಹತ್ತಿರ. ಇದು ಇಡೀ ಪೇಟೆಗೆ ಗೊತ್ತಿತ್ತು. ಅರಿಗರಿಗೂ ಗೊತ್ತಿತ್ತು. ಅವರಿಗೆ ಗೊತ್ತಿದ್ದದ್ದೇ ಕೊನೆಗೆ ಅವನಿಗೆ ಮುಳುವಾಯಿತು.

ಅರಿಗರದು ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಜೈನ ಮನೆ. ಐದು ಗಂಟೆಗೆ ಅವರು ಗಾದಿಯಿಂದ ಎದ್ದರೆಂದರೆ ಆಮೇಲೆ ಅಂಗಡಿ ರುಕ್ಮಯ್ಯನದೇ. ಇಪ್ಪತ್ತೆರಡು ವರ್ಷ ಹಾಗೆ ನಡೆಯಿತು. ಇಪ್ಪತ್ತೆರಡು ವರ್ಷ ದಿನಕ್ಕೆರಡು ಗಂಟೆ ಧಣಿಯಾಗಿದ್ದವನ ತಲೆ ಸ್ವಲ್ಪ ತಿರುಗದೆ ಇರುತ್ತದೆಯೇ?

ಕೆಲಸ ಬಲ್ಲವನು ಮಾತ್ರ ಹೌದು. ಮದುವೆ ಜವಳಿಗೆ ಎಂಟು ಮಂದಿ ಬಂದು ಕೂತರೆ ಅವನು ಸೀರೆ ಬಿಡಿಸುತ್ತಿದ್ದದ್ದು ಮದುಮಗಳ ಮುಂದೆಯೂ ಅಲ್ಲ, ಯಜಮಾನನ ಮುಂದೆಯೂ ಅಲ್ಲ. ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತ ಸೋದರತ್ತೆಯ ಮುಂದೆ. "ಅಕ್ಕ, ಇವರಿಗೆ ಬಣ್ಣ ತಿಳಿಯುವುದಿಲ್ಲ, ನೀವೇ ಹೇಳ್ಬೇಕು" ಎಂದರೆ ಮುಗಿಯಿತು, ಆಕೆಯ ಊದಿದ ಮುಖ ಇಳಿದು ಮನೆ ಮಂದಿಯೆಲ್ಲ ಒಪ್ಪುತ್ತಿದ್ದರು. ಮುಂಡಾಜೆಯಿಂದ ಪೂವಮ್ಮ ಬಂದರೆ ಮೊದಲು ಬೆಲ್ಲ ನೀರು. "ಕೂತ್ಕೊಳ್ಳಿ ಪೂವಮ್ಮಕ್ಕ, ಬಟ್ಟೆ ಎಲ್ಲಿಗೂ ಓಡುವುದಿಲ್ಲ. ಗಂಟು ನೋವು ಹೇಗುಂಟು?" ಅದು ಬರೀ ಬಾಯಿಮಾತೂ ಅಲ್ಲ. ಅವಳ ಗಂಟು ನೋವಿನ ಚಿಂತೆ ಅವನಿಗೆ ನಿಜವಾಗಿಯೂ ಇತ್ತು.

ಬಟ್ಟೆ ಅಳೆಯುವಾಗ ಮೊದಲನೆಯ ಗಜಕ್ಕೆ ಒಂದು ಎನ್ನುವ ಪದ್ಧತಿ ಅಂಗಡಿಯಲ್ಲಿರಲಿಲ್ಲ. 'ಲಾಭ' ಎಂದು ಶುರುಮಾಡಿ ಆಮೇಲೆ ಎರಡು, ಮೂರು. ಕಟ್ಟು ಕೈಗಿಟ್ಟು 'ಪುನಃ ಬನ್ನಿ' ಎನ್ನಬೇಕು. ಇವೆರಡನ್ನೂ ರುಕ್ಮಯ್ಯ ನುಂಗಿಕೊಳ್ಳುತ್ತಿದ್ದದ್ದು ಸಾವಿನ ಬಟ್ಟೆ ಅಳೆಯುವಾಗ ಮಾತ್ರ. ಒಂದು ಬೆಳಿಗ್ಗೆ ಕಲ್ಲಡ್ಕದ ಇಬ್ರಾಹಿಂ ಬಂದು ಒಳಗೆ ಕಾಲಿಡದೆ ಕಂಬ ಹಿಡಿದು ನಿಂತ. ಎಂತ ಬೇಕು ಎಂದು ರುಕ್ಮಯ್ಯ ಕೇಳಲಿಲ್ಲ. ಬಿಳಿ ಬಟ್ಟೆಯ ಥಾನು ಇಳಿಸಿ, ತುಟಿಯಲ್ಲೂ ಎಣಿಸದೆ ಅಳೆದು, ಕತ್ತರಿ ಮುಟ್ಟದೆ ಹರಿದು, ಮಡಚಿ ಎರಡೂ ಕೈಯಲ್ಲಿ ಕೊಟ್ಟ. ತಾಯಿ ತೀರಿಕೊಂಡರು ಎಂಬ ಮಾತನ್ನು ಇಬ್ರಾಹಿಂ ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ. ಆಮೇಲೆ ಆ ಮನೆಯ ಒಂದು ಮದುವೆಯ ಜವಳಿಯೂ ಬೇರೆ ಅಂಗಡಿಗೆ ಹೋಗಲಿಲ್ಲ.

ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಅರಿಗರು ಒಂದು ಮಾತು ಕೊಟ್ಟರು. "ಬೆಳ್ತಂಗಡಿಯಲ್ಲೊಂದು ಅಂಗಡಿ ಹಾಕುವ ರುಕ್ಮಯ್ಯ. ಅಲ್ಲಿ ಗಾದಿಯಲ್ಲಿ ಕೂರುವವನು ನೀನೇ."

ಮನೆಗೆ ಬಂದು ಹೇಳಿದರೆ ಹೆಂಡತಿ ಸೇಸಮ್ಮ ಮುಖವನ್ನೂ ಎತ್ತಲಿಲ್ಲ. "ಧಣಿಗಳಿಗೆ ಅಳಿಯ ಇದ್ದಾರಲ್ವಾ?" ಎಂದಳು. ಅರಿಗರ ಕಡೆ ಆಸ್ತಿ ಮಗನಿಗಲ್ಲ, ಅಕ್ಕನ ಮಗನಾದ ಅಳಿಯನಿಗೆ ಹೋಗುವುದು. ಅಷ್ಟು ಯಾರಿಗೆ ಗೊತ್ತಿಲ್ಲ?

"ಆ ಹುಡುಗ ಓದುವವನು ಮಾರಾಯ್ತಿ. ಧಣಿಗಳ ಮನಸ್ಸು ನನಗೆ ಗೊತ್ತಿಲ್ವಾ?"

ಅಯ್ಯೋ, ಗೊತ್ತಂತೆ! ಊರಿನವರ ಹೊಟ್ಟೆಯೊಳಗಿನದ್ದೆಲ್ಲ ಓದಿದವನು ಎದುರಿಗೇ ಕೂತ ಒಬ್ಬ ಮನುಷ್ಯನನ್ನು ಓದಲಿಲ್ಲ.

ಆರು ವರ್ಷ ಕಾದ. ಹೊಸ ಅಂಗಡಿಯ ಕಟ್ಟಡ ಏಳುವುದು ಕಂಡದ್ದೇ ಬಂಟ್ವಾಳದ ಬಿಡಾರ ಬಿಟ್ಟು ಸೇಸಮ್ಮನನ್ನು ಬೆಳ್ತಂಗಡಿಗೆ ಕರೆದೊಯ್ದ. ಮಕ್ಕಳಿಲ್ಲದ ಹೆಂಗಸು, ನೆರೆಕರೆಯವರೇ ಅವಳ ಬಳಗ. ಹೊರಡುವ ದಿನ ಬಾವಿಕಟ್ಟೆ ಹಿಡಿದು ಅತ್ತಳು. ಅದೇ ಹೊತ್ತಿಗೆ ಅರಿಗರ ಅಳಿಯ ಶ್ರೇಯಾಂಸಕುಮಾರ ಓದು ಮುಗಿಸಿ ಬಂದ. "ಇವನಿಗೊಂದು ವರ್ಷ ಎಲ್ಲ ಕಲಿಸು" ಎಂದರು ಅರಿಗರು. ಬಂಟ್ವಾಳದ ಅಂಗಡಿಗೆ ಬಸ್ಸಿನಲ್ಲಿ ಬಂದು ಹೋಗಿ ರುಕ್ಮಯ್ಯ ಕಲಿಸಿದ. ಮೂಲೆಯ ಅತ್ತೆಯನ್ನು ಹುಡುಕುವುದು, ನೀರು ಕೊಡುವುದು, ಮೊದಲು ಮನೆಯವರ ಆರೋಗ್ಯ ಕೇಳುವುದು, ನಗುನಗುತ್ತ ಕಳಿಸುವುದು. ಹುಡುಗ ಕೆಟ್ಟವನಲ್ಲ. ಹೇಳಿದ್ದೆಲ್ಲವನ್ನೂ ಪಾಠದ ಹಾಗೆ ಬಾಯಿಪಾಠ ಮಾಡಿದ.

ಗಜ ಹೋಗಿ ಮೀಟರ್ ಬಂದ ಹೊಸತರಲ್ಲಿ ಬೆಳ್ತಂಗಡಿಯ ಅಂಗಡಿಯ ಪೂಜೆಯಾಯಿತು. ಗಾದಿಯಲ್ಲಿ ಶ್ರೇಯಾಂಸಕುಮಾರ ಕೂತ. ರುಕ್ಮಯ್ಯ ಅರಿಗರನ್ನು ಬದಿಗೆ ಕರೆದು ಕೇಳಿಯೇಬಿಟ್ಟ. "ಧಣಿ, ನೀವು ಅಂದದ್ದು..."

ಅರಿಗರು ಸುತ್ತಿ ಬಳಸಿ ಮಾತಾಡಲಿಲ್ಲ. "ನೋಡು ರುಕ್ಮಯ್ಯ, ಜನ ಬರುವುದು ನಿನ್ನ ಮುಖ ನೋಡಿ. ನಿನ್ನನ್ನು ಇಲ್ಲಿ ಕೂರಿಸಿದರೆ ನಾಳೆ ಇದು ನಿನ್ನ ಅಂಗಡಿ ಆಗ್ತದೆ. ಬಂಟ್ವಾಳದಲ್ಲಾದರೆ ನಾನಿದ್ದೇನೆ. ಇಲ್ಲಿ ನೀನು ಅಳಿಯನ ಕೈಕೆಳಗೆ ಇರು, ಸಂಬಳಕ್ಕೇನೂ ಕಡಿಮೆ ಮಾಡುವುದಿಲ್ಲ."

ಅವನು ಮೈಗಳ್ಳನಾಗಿದ್ದರೆ ಅಲ್ಲಿ ಕೂರಿಸುತ್ತಿದ್ದರೋ ಏನೋ! ಜನರನ್ನು ಸಂಪಾದಿಸಿದ್ದೇ ತಪ್ಪಾಯಿತು. ಆಗ ಶ್ರೇಯಾಂಸಕುಮಾರ ಬಂದು, "ರುಕ್ಮಯ್ಯಣ್ಣ, ಇನ್ನು ಕಲಿಯಲಿಕ್ಕೆ ಎಂತದ್ದಾದರೂ ಉಂಟಾ?" ಎಂದು ಕೇಳಿದ.

ಒಂದು ಉಳಿದಿತ್ತು. ಸಾವಿನ ಬಟ್ಟೆಗೆ ಬಂದವನನ್ನು ಗುರುತಿಸುವುದು ಹೇಗೆ, ಅವನ ಮುಂದೆ ಯಾವ ಮಾತು ನುಂಗಬೇಕು, ಅದು. ಅದೊಂದು ನನ್ನಲ್ಲೇ ಇರಲಿ, ಒಂದು ದಿನ ಯಾರಾದರೂ ಇವನ ಮುಖಕ್ಕೆ ಉಗಿಯಲಿ ಎಂದುಕೊಂಡ. "ಇಲ್ಲ ಸಣ್ಣ ಧಣಿ, ಎಲ್ಲ ಆಯ್ತು" ಎಂದ. ಮರುದಿನದಿಂದ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಆಮೇಲೆ ತಲೆಯ ಮೇಲೆ ಜವಳಿ ಗಂಟು ಹೊತ್ತು ಮನೆಮನೆ ತಿರುಗಿದ. ಎಲ್ಲ ಮನೆಯಲ್ಲೂ ಬೆಲ್ಲ ನೀರು ಸಿಕ್ಕಿತು, ಕೂರಲು ಚಾಪೆ ಸಿಕ್ಕಿತು, ವ್ಯಾಪಾರ ಸಿಗಲಿಲ್ಲ. ಪೂವಮ್ಮ ಮಾತ್ರ ಸತ್ಯ ಹೇಳಿದಳು. "ನೀವು ಬಂದದ್ದು ಸಂತೋಷ ರುಕ್ಮಯ್ಯಣ್ಣ. ಆದ್ರೆ ಮದುವೆ ಜವಳಿ ಅಂದ್ರೆ ಅಂಗಡಿಗೇ ಹೋಗ್ಬೇಕಲ್ಲ. ಆ ಸಣ್ಣ ಧಣಿಯೂ ನಿಮ್ಮ ಹಾಗೆಯೇ ಮಾತಾಡ್ತಾರೆ." ತನ್ನ ಮಾತೇ ತನ್ನ ಗಿರಾಕಿಗಳನ್ನು ಕಿತ್ತುಕೊಂಡದ್ದು ಆವತ್ತು ಅವನಿಗೆ ಗೊತ್ತಾಯಿತು.

ಅರವತ್ತೈದರ ಮಳೆಗಾಲ ಮುಗಿದ ಮೇಲೆ ಸೇಸಮ್ಮ ಜ್ವರ ಹಿಡಿದು ಮಲಗಿದವಳು ಏಳಲಿಲ್ಲ. ಬೆಳಿಗ್ಗೆ ನೆರೆಮನೆಯ ಅಬ್ಬಾಸ್ "ಬಟ್ಟೆ ನಾನು ತರ್ತೇನೆ, ನೀವು ಕೂತ್ಕೊಳ್ಳಿ" ಎಂದ. ರುಕ್ಮಯ್ಯ ಕೇಳಲಿಲ್ಲ. ಊರಿಗೆಲ್ಲ ಅಳೆದುಕೊಟ್ಟ ಕೈ, ಇವಳದ್ದನ್ನು ಬೇರೆಯವರು ತರುವುದೇ? ಗಂಟಿನಲ್ಲಿ ಬಿಳಿ ಬಟ್ಟೆ ಇರಲಿಲ್ಲ. ಅಷ್ಟು ಬೇಗ ಬಾಗಿಲು ತೆರೆಯುವುದು ಅರಿಗರ ಆ ಅಂಗಡಿಯೊಂದೇ. ಬೇಗ ತೆರೆಯಬೇಕೆಂದು ಕಲಿಸಿದವನೂ ಅವನೇ.

ಹೋಗಿ ಕಂಬ ಹಿಡಿದು ನಿಂತ.

"ಓ, ರುಕ್ಮಯ್ಯಣ್ಣ! ಬನ್ನಿ ಬನ್ನಿ, ಎಷ್ಟು ಕಾಲ ಆಯ್ತು! ನೀರು ಕುಡೀರಿ. ಮನೆಯಲ್ಲಿ ಸೇಸಮ್ಮನವರು ಹೇಗಿದ್ದಾರೆ?"

"ಬಿಳಿ ಬಟ್ಟೆ. ನಾಲ್ಕು ಮೀಟರ್" ಎಂದಷ್ಟೇ ರುಕ್ಮಯ್ಯ ಹೇಳಿದ.

"ಪಂಚೆಗಾ? ಒಳ್ಳೆಯ ಮಾಲು ಬಂದಿದೆ, ನಾಲ್ಕು ವರ್ಷ ಬಾಳಿಕೆ ಬರ್ತದೆ." ಶ್ರೇಯಾಂಸಕುಮಾರ ಥಾನು ಬಿಡಿಸಿ ಕೋಲು ಹಿಡಿದು, ಅಂಗಡಿಗೆಲ್ಲ ಕೇಳುವ ಹಾಗೆ ಅಳೆದ. "ಲಾಭ... ಎರಡು... ಮೂರು..."

ಉಗಿಯಬೇಕು ಎನಿಸಿತು. ಯಾರ ಮುಖಕ್ಕೆ? ಕಲಿಯಲಿಕ್ಕೆ ಉಂಟಾ ಎಂದು ಆ ಹುಡುಗ ಬಾಯಿಬಿಟ್ಟು ಕೇಳಿದ್ದ, ಇಲ್ಲ ಎಂದವನು ತಾನು. ಕತ್ತರಿ ಬಟ್ಟೆಯ ಮೇಲೆ ಸರ್ರನೆ ಓಡಿತು. ರುಕ್ಮಯ್ಯ ಕಟ್ಟನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದ. ತಾನು ಕಲಿಸಿದ್ದ ಅದೇ ನಗು ದನಿ ಹಿಂದಿನಿಂದ ಕೇಳಿಸಿತು.

"ಪುನಃ ಬನ್ನಿ ರುಕ್ಮಯ್ಯಣ್ಣ. ಮುಂದಿನ ಸಲ ಸೇಸಮ್ಮನವರನ್ನೂ ಕರ್ಕೊಂಡು ಬನ್ನಿ."