ಕ್ಲಚ್ ಇಲ್ಲದ ಗಾಡಿ

ಅಫಜಲಪುರದ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಕೊಂಡು ಕೂತಿದ್ದಾಗ ಆ ವಾಸನೆ ಬಂತು. ಸುಟ್ಟ ಕ್ಲಚ್ ಪ್ಲೇಟಿನ ವಾಸನೆ. ಮುಂದಿನ ಏರಿನಲ್ಲಿ ಎರಡು ಟ್ರಾಲಿ ಕಬ್ಬು ಕಟ್ಟಿಕೊಂಡ ಟ್ರ್ಯಾಕ್ಟರೊಂದು ಹತ್ತಲೂ ಆಗದೆ ಇಳಿಯಲೂ ಆಗದೆ ಒದ್ದಾಡುತ್ತಿತ್ತು. ಅದರ ಡ್ರೈವರ್ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು ರೇಸ್ ಕೊಡುತ್ತಲೇ ಇದ್ದ. ಕಿಟಕಿ ಏರಿಸಿದ್ದರೂ ವಾಸನೆ ಒಳಗೆ ನುಗ್ಗಿ ಗಂಟಲಿಗೆ ಹತ್ತಿತು. ಬೇರೆಯವರಿಗೆ ತಲೆನೋವು ತರುವ ವಾಸನೆ ಅದು. ನನಗೆ ಮಾತ್ರ ಉಸ್ತಾದರು ಬಂದು ಪಕ್ಕದ ಸೀಟಿನಲ್ಲಿ ಕೂತ ಹಾಗಾಯಿತು…

ನನ್ನದು ಎರಡು ತಿಂಗಳ ಹಿಂದೆ ಕೊಂಡ ಆಟೋಮ್ಯಾಟಿಕ್ ಕಾರು. ಇಷ್ಟಪಟ್ಟು ಕೊಂಡದ್ದಲ್ಲ. ಮೂವತ್ತು ವರ್ಷ ದನದ ಡಾಕ್ಟರಾಗಿ ಕೆಲಸ ಮಾಡಿದ ನನಗೆ, ನಿವೃತ್ತಿಗೆ ಇನ್ನೇನು ಕೆಲವೇ ದಿನ ಇದೆ ಅನ್ನುವಾಗ ಜೇವರ್ಗಿ ಕಡೆಯ ಹಳ್ಳಿಯೊಂದರಲ್ಲಿ ಒಂದು ಎಮ್ಮೆ ಎಡ ಮೊಣಕಾಲಿಗೆ ಒದೆಯಿತು. ಎಮ್ಮೆಯ ತಪ್ಪೇನಿಲ್ಲ, ನಾನು ನಿಂತ ಜಾಗ ಸರಿ ಇರಲಿಲ್ಲ. ಆ ಮೊಣಕಾಲು ಮತ್ತೆ ನೆಟ್ಟಗಾಗಲಿಲ್ಲ. ಇನ್ನು ಕ್ಲಚ್ ತುಳಿಯುವ ಹಾಗಿಲ್ಲ ಎಂದು ಮೂಳೆ ಡಾಕ್ಟರು ಖಂಡತುಂಡವಾಗಿ ಹೇಳಿಬಿಟ್ಟರು. ಹಳೇ ಕಾರು ಮಾರುವ ದಿನ ನಾನು ಅತ್ತೆ. ಮನುಷ್ಯರು ಸತ್ತಾಗ ಅಳದವಳು ಕಾರಿಗೆ ಅಳುತ್ತಾಳೆ ಎಂದು ತಂಗಿ ನಕ್ಕಳು.

ಹೊಸ ಕಾರು ಕೊಡುವಾಗ ಶೋರೂಮಿನ ಹುಡುಗಿ ಕಲಿಸಿದ್ದು ಒಂದೇ ಪಾಠ. ಎಡಗಾಲನ್ನು ಹಿಂದಕ್ಕೆ ಸರಿಸಿ ಅದನ್ನು ಮರೆತುಬಿಡಿ ಅಂದಳು. ನಾನೇನೋ ಮರೆಯಲು ಸಿದ್ಧ, ಕಾಲು ಮರೆಯಬೇಕಲ್ಲ. ಮೊದಲ ವಾರವೇ ಜೇವರ್ಗಿ ಬಸ್ ನಿಲ್ದಾಣದ ಮುಂದೆ, ಎಮ್ಮೆಯೊಂದು ಅಡ್ಡ ಬಂದಾಗ (ಮತ್ತೆ ಎಮ್ಮೆಯೇ!), ಎಡಗಾಲು ತಾನಾಗಿ ಮುಂದೆ ಬಂದು ಕ್ಲಚ್ಚೆಂದು ಬ್ರೇಕನ್ನು ಪೂರ್ತಿ ತುಳಿಯಿತು. ಗೋಡೆಗೆ ಗುದ್ದಿದ ಹಾಗೆ ಕಾರು ನಿಂತಿತು. ಹಿಂದೆ ತೊಗರಿ ಚೀಲ ಇಟ್ಟುಕೊಂಡು ಬರುತ್ತಿದ್ದ ಸ್ಕೂಟರಿನವನು ಬಂಪರಿಗೆ ಬಂದು ತಾಕಿದ. ಅವನು ನನ್ನ ಬಗ್ಗೆ ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಂದಿನಿಂದ ನಾನು ಎಡಗಾಲನ್ನು ಸೀಟಿನ ಬುಡಕ್ಕೆ ಒತ್ತಿ ಹಿಡಿದೇ ಕಾರು ಓಡಿಸುತ್ತೇನೆ. ನಮ್ಮ ದವಾಖಾನೆಯಲ್ಲಿ ಸೂಜಿ ಚುಚ್ಚುವ ಮೊದಲು ದನವನ್ನು ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸುತ್ತಿದ್ದೆವು. ಹಿಂದೆ ಸರಿಯುವಂತಿಲ್ಲ, ಮುಂದೆ ಹೋಗುವಂತಿಲ್ಲ. ಈಗ ಡ್ರೈವರ್ ಸೀಟಿನಲ್ಲಿ ಕೂತಾಗಲೆಲ್ಲ ಆ ದನಗಳ ಕಣ್ಣು ನೆನಪಾಗುತ್ತದೆ.

ಆ ದಿನ ಟ್ರ್ಯಾಕ್ಟರುಗಳ ನಡುವೆ ಒಂದೂವರೆ ಗಂಟೆ ಕೂತೆ. ಬಾಗಿಲು ತೆರೆಯೋಣವೆಂದರೆ ಆಚೆ ಟ್ರಾಲಿಯ ಕಬ್ಬು ಗಾಜಿಗೆ ಉಜ್ಜುತ್ತಿತ್ತು. ಬೇರೇನೂ ಮಾಡಲಿಕ್ಕಿರಲಿಲ್ಲ, ಉಸ್ತಾದರನ್ನು ನೆನೆಯುತ್ತ ಕೂತೆ.

ನನಗೆ ಗಾಡಿ ಕಲಿಸಿದವರು ಅವರು. ನಾನು ಹೊಸದಾಗಿ ಆಳಂದಕ್ಕೆ ಬಂದಾಗ ಅಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದರು. ಊರೆಲ್ಲ ಅವರನ್ನು ಉಸ್ತಾದ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ಹಳ್ಳಿಗಳಿಂದ ಕರೆ ಬಂದರೆ ಅವರ ಜೀಪೇ ಗತಿ. ಆಕಳು ಈಯುವ ತನಕ ನಾನು ಕೊಟ್ಟಿಗೆಯಲ್ಲಿ, ಅವರು ಹೊರಗೆ ಬೇವಿನ ಮರದ ಕೆಳಗೆ. ಹೀಗೆ ಆರು ತಿಂಗಳು ಕಳೆದ ಮೇಲೆ ಒಂದು ದಿನ ಅವರ ತಾಳ್ಮೆ ಮುಗಿಯಿತು.

“ಎಮ್ಮಿ ಈಯೂ ತನಕ ನಾ ಕಾಯ್ಕೋತ ಕುಂತ್ರ ನನ್ನ ಬೇರೆ ಬಾಡಗಿ ಎಲ್ಲಾ ಹೋಗ್ತಾವ್ರಿ ಬಾಯಾರ. ನೀವ ಕಲ್ತು ಬಿಡ್ರಿ” ಅಂದರು.

ಆಗ ಆಳಂದದಲ್ಲಿ ಹೆಂಗಸೊಬ್ಬಳು ಸ್ಟೇರಿಂಗ್ ಹಿಡಿದರೆ ಚಹಾ ಅಂಗಡಿಯವರು ಲೋಟ ಕೆಳಗಿಟ್ಟು ನೋಡುತ್ತಿದ್ದರು. ಉಸ್ತಾದರಿಗೆ ಅದರ ಪರಿವೆಯೇ ಇರಲಿಲ್ಲ. ಅವರ ಚಿಂತೆ ಎಲ್ಲ ನನ್ನ ಎಡಗಾಲಿನ ಮೇಲೆ. ಮೊದಲ ದಿನವೇ ಎಡಗಾಲಿನ ಚಪ್ಪಲಿ ಬಿಚ್ಚಿಸಿದರು. ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದು ಬರಿಗಾಲಿಗೆ ಮಾತ್ರ ಗೊತ್ತಾಗುತ್ತದೆ ಅನ್ನುವುದು ಅವರ ನಂಬಿಕೆ. ನಾಲ್ಕು ದಿನ ರೇಸ್ ಮುಟ್ಟಲು ಬಿಡಲಿಲ್ಲ, ಬರೀ ಕ್ಲಚ್ ಬಿಡುತ್ತ ಜೀಪನ್ನು ಇರುವೆಯ ಹಾಗೆ ನಡೆಸಬೇಕು. ಐದನೇ ದಿನ ಊರ ಹೊರಗಿನ ಮರಡಿಯ ಏರಿನಲ್ಲಿ ಜೀಪು ನಿಲ್ಲಿಸಲು ಹೇಳಿ, ಕೆಳಗಿಳಿದು, ತಮ್ಮ ಊಟದ ಬುತ್ತಿಯನ್ನು ತಂದು ಹಿಂದಿನ ಗಾಲಿಯ ಬುಡದಲ್ಲಿ ಇಟ್ಟರು. ಹಿಂದೆ ಸರಿಯದೆ ಏರಿಸಬೇಕು, ಸರಿದರೆ ಅವರಿಗೆ ಅಂದು ಉಪವಾಸ. ನಾನು ಸರಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಅರಿವೆಯ ಸಮೇತ ಚಪ್ಪಟೆಯಾದವು. ಉಸ್ತಾದರು ಗಂಟು ಬಿಚ್ಚಿ, ಮೇಲಿನ ಎರಡು ರೊಟ್ಟಿ ಎಸೆದು, ಕೆಳಗಿನದನ್ನು ಧೂಳು ಕೊಡವಿ ತಿಂದರು. ನನಗೂ ಒಂದು ತುಂಡು ಕೊಟ್ಟರು. ಒಂಬತ್ತು ದಿನ ಅವರ ಬುತ್ತಿ ಗಾಲಿಗೆ ಸಿಕ್ಕಿತು, ಹತ್ತನೆಯ ದಿನ ಉಳಿಯಿತು.

ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು. “ಗಾಡಿ ಓಡ್ಸೋದು ಕೈಯಿಂದಲ್ರಿ, ಎಡಗಾಲಿಂದ. ಎಡಗಾಲಿನ ಕೆಲಸ ಬರದಾಂವ ಡ್ರೈವರ ಅಲ್ಲ, ಪ್ಯಾಸೆಂಜರ!”

ಅದನ್ನು ನಾನು ಮಂತ್ರದ ಹಾಗೆ ನಂಬಿದೆ. ಮಳೆಗಾಲದಲ್ಲಿ ಅಂದೋಲಾ ದಾರಿಯ ಕರಿಮಣ್ಣಿನಲ್ಲಿ ಗಾಲಿ ಹೂತಾಗ, ಒಬ್ಬಳೇ ಮೊದಲನೇ ಗೇರು, ರಿವರ್ಸ್, ಮತ್ತೆ ಮೊದಲನೇದು ಎಂದು ಗಾಡಿಯನ್ನು ತೂಗಿ ತೂಗಿ ಎತ್ತಿದ್ದೇನೆ. ಎತ್ತು ತರಲು ಹೋದ ಊರವರು ಬರುವಷ್ಟರಲ್ಲಿ ನಾನು ಡಾಂಬರಿನ ಮೇಲಿದ್ದೆ. ಅಂಥ ದಿನಗಳಲ್ಲಿ ಎಷ್ಟು ಸೊಕ್ಕಿತ್ತು ನನಗೆ! ಯಾವ ಹಳ್ಳಿಗೂ ಯಾವ ಹೊತ್ತಿಗೂ ಯಾರನ್ನೂ ಕೇಳದೆ ಹೋಗಬಲ್ಲೆ ಎಂಬ ಸೊಕ್ಕು. ಆ ಸೊಕ್ಕು ಅವರು ಕೊಟ್ಟದ್ದು.

ನನಗೆ ಜೇವರ್ಗಿಗೆ ವರ್ಗವಾಯಿತು. ಆಳಂದಕ್ಕೆ ಹೋಗುವುದು ವರ್ಷಕ್ಕೆ ಒಂದೋ ಎರಡೋ ಸಲವಾಯಿತು. ಉಸ್ತಾದರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಿತ್ತು. ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಿರಲಿಲ್ಲ ಎಂಬುದೂ ಗೊತ್ತಿತ್ತು. ಒಮ್ಮೆ ಎಡಗಾಲಿಗೆ ಮೊಳೆ ಚುಚ್ಚಿ ಗಾಯವಾಯಿತಂತೆ. ಮಾಯಲಿಲ್ಲ. ಮೊದಲು ಬೆರಳು, ಆಮೇಲೆ ಪಾದ, ಕೊನೆಗೆ ಮೊಣಕಾಲಿನ ಕೆಳಗಿನ ತನಕ ತೆಗೆದರು. ನಾನು ದನದ ಡಾಕ್ಟರು, ಎಷ್ಟೋ ಗಾಯ ನೋಡಿದವಳು. ಆದರೂ ಆ ಸುದ್ದಿ ಕೇಳಿ ತಿಂಗಳ ತನಕ ಅವರ ಮನೆಗೆ ಹೋಗಲಾಗಲಿಲ್ಲ, ಏನು ಮುಖ ಮಾಡಿಕೊಂಡು ಹೋಗುವುದು ಎಂದು…

ಹೋದಾಗ ಮಂಚವನ್ನು ಬಾಗಿಲಿಗೆ ಎಳೆದು ಕೂತಿದ್ದರು. ಅವರ ಮನೆ ತೊಗರಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಅಲ್ಲಿಂದ ರಸ್ತೆಯೇ ಕಾಣುವುದಿಲ್ಲ, ಲಾರಿಗಳ ಸದ್ದು ಮಾತ್ರ ಕೇಳುತ್ತದೆ. ಉಸ್ತಾದರು ದಿನವಿಡೀ ಆ ಸದ್ದನ್ನು ಕೇಳುತ್ತ ಕೂತಿರುತ್ತಿದ್ದರು. ನನ್ನೊಡನೆ ಮಾತಾಡುತ್ತಿದ್ದವರು ನಡುವೆಯೇ ತಲೆ ಎತ್ತಿ, “ಕೇಳ್ರಿ, ಮೂರನೇದ್ರಾಗ ಎಳ್ಯಾಕತ್ತಾನ. ಎರಡನೇದು ಹಾಕ್ಲಿಕ್ಕೇನ ಧಾಡಿ ಇವಗ!” ಎಂದು ಕಾಣದ ಡ್ರೈವರನನ್ನು ಬೈದರು. ಹೊದಿಕೆಯ ಕೆಳಗೆ ಉಳಿದ ಅರ್ಧ ಕಾಲು ಸಣ್ಣಗೆ ಅಲುಗಿತು. ಲಾರಿಯವನ ಬದಲು ಇವರೇ ಕ್ಲಚ್ ಒತ್ತುತ್ತಿದ್ದರು. ನಾನು ಅತ್ತ ನೋಡದೆ ಗೋಡೆಯ ಕ್ಯಾಲೆಂಡರ್ ನೋಡಿದೆ.

ಅವರ ಹೆಂಡತಿಯನ್ನು ನಾನು ಚಾಚಿ ಅನ್ನುತ್ತಿದ್ದೆ. ಚಾಚಿ ಜೋಳ ಬೀಸಿಸಲು ಗಿರಣಿಗೆ ಹೋದ ಹೊತ್ತು ನೋಡಿ ಉಸ್ತಾದರು ದನಿ ತಗ್ಗಿಸಿದರು.

“ಬಾಯಾರ, ಕ್ಲಚ್ ಇಲ್ಲದ ಗಾಡಿ ಬಂದಾವಂತಲ್ರಿ? ಬರೇ ಬಲಗಾಲಿನ ಕೆಲಸಂತ. ಕಲಬುರಗ್ಯಾಗ ಓಡ್ಸಿ ನೋಡ್ಲಿಕ್ಕೆ ಕೊಡ್ತಾರಂತ. ನೀವು ಜೋಡಿ ಬಂದ್ರ… ಒಂದ ಸಲ…”

ಇಡೀ ಜೀವಮಾನದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ. ನಾನು ನಕ್ಕುಬಿಟ್ಟೆ. ಕೆಟ್ಟ ಮನಸ್ಸಿನಿಂದಲ್ಲ. ಆ ಗಾಡಿಗಳ ಬಗ್ಗೆ ನನಗಿದ್ದ ತಿರಸ್ಕಾರವೆಲ್ಲ ಅವರಿಂದಲೇ ಕಲಿತದ್ದು. ನನ್ನ ಗುರು ಅಂಥ ಆಟಿಕೆಯಲ್ಲಿ ಕೂರುವುದನ್ನು ನೋಡಲಾರೆ ಅನ್ನಿಸಿತು. ಅವರ ಮಾನ ಕಾಯುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

“ಎಡಗಾಲಿನ ಕೆಲಸ ಬರದಾಂವ ಡ್ರೈವರ ಅಲ್ಲ, ಪ್ಯಾಸೆಂಜರ ಅಂತ ಕಲಿಸಿದವ್ರು ನೀವ ಅಲ್ಲೇನ್ರಿ ಉಸ್ತಾದ?” ಅಂದೆ.

ಉಸ್ತಾದರೂ ನಕ್ಕರು. “ಖರೇ ಅದ್ರಿ, ಖರೇ ಅದ” ಅಂದರು. ಹೊದಿಕೆಯನ್ನು ತುಸು ಮೇಲಕ್ಕೆಳೆದುಕೊಂಡರು. ಆಮೇಲೆ ಮಳೆಯ ಬಗ್ಗೆ, ತೊಗರಿಯ ಬಗ್ಗೆ ಮಾತಾಯಿತು. ಚಾಚಿ ಹಿಟ್ಟಿನ ಡಬ್ಬಿ ಹೊತ್ತು ಬಂದು ಚಹಾ ಮಾಡಿದರು. ನಾನು ನನ್ನ ಕಾರು ಹತ್ತಿ, ಗೇರು ಬದಲಿಸುತ್ತ, ಹಾಡು ಹಾಕಿಕೊಂಡು ಜೇವರ್ಗಿಗೆ ಬಂದೆ.

ಆಮೇಲೆ ಅವರು ಮೂರು ವರ್ಷ ಬದುಕಿದ್ದರು. ಅದೇ ಮಂಚ, ಅದೇ ಬಾಗಿಲು. ನಾನು ನಾಲ್ಕೈದು ಸಲ ಹೋಗಿದ್ದೆ. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಲಬುರಗಿಗೆ ಒಂದು ದಿನ ಕರೆದುಕೊಂಡು ಹೋಗಿದ್ದರೆ ಆಗುತ್ತಿತ್ತು. ನನ್ನ ಗಂಟೇನು ಹೋಗುತ್ತಿತ್ತು? ಒಂದು ಮೈಲಿ ಓಡಿಸಿ, ಥೂ ಇದೆಂಥ ಗಾಡಿ ಎಂದು ಬೈದು ಇಳಿಯುತ್ತಿದ್ದರೋ ಏನೋ. ಬೈದಿದ್ದರೂ ಡ್ರೈವರ್ ಸೀಟಿನಲ್ಲಿ ಕೂತು ಬೈದಂತಾಗುತ್ತಿತ್ತು. ನನ್ನ ಕಾಲೇ ಕೆಲಸಕ್ಕೆ ಬಾರದಾಗುವ ತನಕ ಇದು ನನ್ನ ತಲೆಗೆ ಹೋಗಲಿಲ್ಲ ಅನ್ನುವುದಕ್ಕೆ ನನಗೆ ನಾಚಿಕೆಯಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಯಾರೋ ಏರಿನಲ್ಲಿ ಸಿಕ್ಕಿದ್ದ ಟ್ರ್ಯಾಕ್ಟರಿಗೆ ಇನ್ನೊಂದನ್ನು ಕಟ್ಟಿ ಎಳೆದು ದಾರಿ ಬಿಡಿಸಿದರು. ನಾನು ಜೇವರ್ಗಿಗೆ ತಿರುಗಬೇಕಾದವಳು ಆಳಂದದ ದಾರಿ ಹಿಡಿದೆ. ಚಾಚಿ ಈಗ ಮಗಳ ಜೊತೆ ಅದೇ ಗಲ್ಲಿಯಲ್ಲಿದ್ದಾರೆ. ನಾನು ಹೋದಾಗ ಬುರ್ಖಾ ತೊಟ್ಟು, ಚೀಲ ಹಿಡಿದು ಕಡಗಂಚಿಯ ತಂಗಿಯ ಮನೆಗೆ ಹೊರಟು ನಿಂತಿದ್ದರು. ಬಸ್ಸಿಗೆ ಬೇಡ, ನಾನೇ ಬಿಡುತ್ತೇನೆ ಎಂದು ಕಾರಿಗೆ ಹತ್ತಿಸಿಕೊಂಡೆ.

ಮಾರುಕಟ್ಟೆಯ ಮುಂದೆ ತೊಗರಿ ಲಾರಿಗಳು. ಮತ್ತೆ ಸಿಕ್ಕಿಬಿದ್ದೆವು. ತುಸು ಸರಿಯುವುದು, ನಿಲ್ಲುವುದು, ಮತ್ತೆ ಸರಿಯುವುದು. ಡ್ರೈವರನ ಪಕ್ಕದಲ್ಲಿ ಜೀವನ ಕಳೆದ ಹೆಂಗಸು ಚಾಚಿ, ಅವರ ಕಣ್ಣು ಎರಡೇ ನಿಮಿಷದಲ್ಲಿ ನನ್ನ ಕಾಲಿನ ಮೇಲೆ ಬಿತ್ತು.

“ಎಡಗಾಲು ಯಾಕ್ರಿ ಸುಮ್ಮನ ಬಿದ್ದದ?”

“ಅದರ ಕೆಲಸ ಇಲ್ರಿ ಚಾಚಿ. ಈ ಗಾಡಿಗಿ ಕ್ಲಚ್ ಇಲ್ಲ. ಬಲಗಾಲ ಒಂದಿದ್ರ ಸಾಕು.”

ಚಾಚಿ ಬಗ್ಗಿ ನೋಡಿದರು. ಎರಡೇ ಪೆಡಲು ಇದ್ದವು. ನೆಟ್ಟಗೆ ಕೂತು ಮುಂದಿನ ಲಾರಿಯ ಹಿಂಬದಿಯನ್ನು ನೋಡಿದರು.

“ಬಲಗಾಲು ಕೊನೀತನಕ ಗಟ್ಟಿ ಇತ್ರಿ ಅವರ್ದು” ಅಂದರು. “ಇಂಥಾ ಗಾಡಿ ಇರ್ತಾವಂತ ಪಾಪ ಅವರಿಗಿ ಗೊತ್ತ ಇರ್ಲಿಲ್ಲ. ಗೊತ್ತಿದ್ರ ನಿಮಗೊಂದ ಮಾತು ಕೇಳ್ತಿದ್ರು. ನೀವೇನು ಒಲ್ಲೆ ಅಂತಿದ್ದಿಲ್ಲ” ಅಂದರು.

ಎರಡೂ ಕಡೆ ಲಾರಿಗಳು ನಿಂತಿದ್ದವು.

“ಇಲ್ರಿ ಚಾಚಿ, ಅಂತಿದ್ದಿಲ್ಲ” ಅಂದೆ.