ಸೋಡಾ ಬೆರೆಸಿದ ಎಣ್ಣಿ

ಕೊಟ್ಟೂರಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಗೋದಾಮು. ಬೆಳೆಗೆ ಹೊಡೆಯುವ ಕೀಟನಾಶಕವನ್ನೂ ಗೋದಾಮಿನಲ್ಲಿಟ್ಟು ಮಾರುತ್ತಿದ್ದೆವು. ನಮ್ಮ ಕಡೆ ಅದಕ್ಕೆ ಎಲ್ಲರೂ ಎಣ್ಣಿ ಎನ್ನುತ್ತಾರೆ. ಕುಡಿಯುವ ಪುಣ್ಯಾತ್ಮರು ತಮ್ಮದಕ್ಕೂ ಎಣ್ಣಿ ಎಂದೇ ಹೆಸರಿಟ್ಟಿದ್ದಾರೆ. ಈ ಎರಡರ ನಡುವೆ ಸಿಕ್ಕು ಒಂದು ಮಧ್ಯಾಹ್ನ ನನ್ನ ಜೀವ ಬಾಯಿಗೆ ಬಂದಿತ್ತು.

ಮದುವೆಯಾಗಿ ಎರಡನೇ ವರ್ಷ. ಮನೆಗೆ ಆಗಷ್ಟೇ ಫ್ರಿಜ್ಜು ಬಂದಿತ್ತು. ನನ್ನ ಗಂಡನಿಗೆ ಊರಿನ ಬಾರಿಗೆ ಹೋಗುವ ಧೈರ್ಯವಿಲ್ಲ, ಕುಡಿತ ಬಿಡುವ ಮನಸ್ಸೂ ಇಲ್ಲ. ಕೊರಳಲ್ಲಿ ಲಿಂಗ, ಮನೆಯಲ್ಲಿ ತಾಯಿ. ಅತ್ತೆ ಅಮಾವಾಸ್ಯೆಗೆ ಉಜ್ಜಿನಿಯ ಗುಡಿಗೆ ಹೊರಟರೆ ಸಾಕು, ಇವರಿಗೆ ಹಬ್ಬ. ಹರಪನಹಳ್ಳಿಯ ಗೆಳೆಯನೊಬ್ಬ ಹೇಳಿಕೊಟ್ಟಿದ್ದನಂತೆ: ಉದ್ದ ಗ್ಲಾಸಿಗೆ ಐಸು, ಒಂದಿಷ್ಟು ವಿಸ್ಕಿ, ಅದರ ಮೂರು ಪಟ್ಟು ಸೋಡಾ, ನಿಂಬೆಯ ಹೋಳು. ಹೈಬಾಲ್ ಅಂತೆ ಅದರ ಹೆಸರು. ಜಾಸ್ತಿ ಕಲಕಬಾರದು, ಗ್ಯಾಸು ಹೋಗುತ್ತದೆ. ಕುಡಿಯುವುದು ಇವರು, ಮಾಡುವುದು ನಾನು. ಒಲ್ಲೆ ಎನ್ನಲು ಹೆದರಿಕೆ, ಮಾಡಲು ಅದಕ್ಕಿಂತ ಹೆದರಿಕೆ. ಅತ್ತೆಗೆ ತಿಳಿದರೆ ಮಗನನ್ನೇನೂ ಹೊರಗೆ ಹಾಕುವುದಿಲ್ಲ, ನನ್ನನ್ನು ತವರಿಗೆ, ಇಟ್ಟಿಗಿಯ ಬಸ್ಸು ಹತ್ತಿಸುತ್ತಾರೆ ಎಂದು ನಂಬಿದ್ದೆ.

ಬಾಟಲಿ ಅಡಗಿರುತ್ತಿದ್ದುದು ಕೀಟನಾಶಕದ ಖಾಲಿ ರಟ್ಟಿನ ಡಬ್ಬಿಯಲ್ಲಿ. ಅದನ್ನು ಅತ್ತೆ ಮುಟ್ಟುವುದಿಲ್ಲವೆಂಬ ಜಾಣತನ ಇವರದು. ಆ ಅಮಾವಾಸ್ಯೆ ಇವರು ಅಂಗಡಿಯಲ್ಲಿ ಗಿರಾಕಿಗಳನ್ನು ಸಾಗಹಾಕುತ್ತಿದ್ದಾಗ, ನಾನು ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿ ಇಟ್ಟುಕೊಂಡು ವಿಸ್ಕಿ ಬಗ್ಗಿಸಿ, ಸೋಡಾ ಬಾಟಲಿಯ ಗೋಲಿ ಒತ್ತಿದೆ. ಟುಪ್ ಎಂದಿತು. ಸೋಡಾ ಸುರಿದು, ಅಳತೆ ಸರಿಯಾಯಿತೇ ಎಂದು ಗ್ಲಾಸನ್ನು ಮುಖದ ನೇರಕ್ಕೆ ಎತ್ತಿದೆ.

"ಬಸ್ಸು ಬರಲೇ ಇಲ್ಲ ನೋಡು. ಏನದು ಕೈಯಾಗ?"

ಹಿತ್ತಲ ಬಾಗಿಲಲ್ಲಿ ಅತ್ತೆ. ಸುಳ್ಳಿಗೆ ತಡಕಾಡಿದೆ, ಒಂದೂ ಸಿಗಲಿಲ್ಲ. ಗಂಡ ಅದಕ್ಕೆ ಬಳಸುವ ಮಾತೇ ಬಾಯಿಗೆ ಬಂತು.

"ಎಣ್ಣಿರೀ ಅತ್ತಿ..."

ಅತ್ತೆಯ ಕಣ್ಣು ಡಬ್ಬಿಯ ಮೇಲಿನ ತಲೆಬುರುಡೆಯ ಚಿತ್ರಕ್ಕೆ ಹೋಯಿತು.

"ಅಯ್ಯೋ ಶಿವನೇ! ಕುಡದಿಯೇನ? ಎಷ್ಟು ಕುಡದಿ?"

ಅವರು ಕೈಗೆ ಹೊಡೆದ ರಭಸಕ್ಕೆ ಗ್ಲಾಸು ಹಾರಿ ಗೋಡೆಗೆ ಬಡಿಯಿತು. ನನ್ನ ದವಡೆ ಹಿಡಿದು ಗಂಟಲಿಗೆ ಬೆರಳು ತುರುಕಿದರು. ಅರವತ್ತು ದಾಟಿದ ಕೈಯಲ್ಲಿ ಅಷ್ಟು ಬಲ! "ಅಲ್ಲರೀ, ಇದು ಕುಡಿಯೋ ಎಣ್ಣಿ" ಎಂದು ನಾನು ತೊದಲಿದರೆ ಅವರ ಕೂಗು ಇನ್ನೂ ಜೋರಾಯಿತು. ಕೂಗು ಕೇಳಿ ಇವರು ಓಡಿಬಂದರು. ನೆಲ ನೋಡಿದರು, ನನ್ನನ್ನು ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ನಾನೇ ಬೆರಳು ಬಿಡಿಸಿಕೊಂಡು ಕಿರುಚಿದೆ.

"ವಿಸ್ಕಿರೀ ಅತ್ತಿ! ಕುಡಿಯೋ ಸೆರಿ! ನಿಮ್ಮ ಮಗಂದು!"

ಅತ್ತೆ ಬಗ್ಗಿ ನೆಲದ ವಾಸನೆ ನೋಡಿದರು. ಮಗನ ಕಡೆ ತಿರುಗಿ, "ನಡಿಲೇ ಅಂಗಡಿಗೆ" ಎಂದಷ್ಟೇ ಅಂದರು. ಇವರು ತಲೆ ತಗ್ಗಿಸಿ ಹೋದರು. ಇನ್ನು ನನ್ನ ಪಾಳಿ ಎಂದುಕೊಂಡೆ. ಟ್ರಂಕಿನಲ್ಲಿ ಯಾವ ಸೀರೆ ಮೊದಲು ಇಡಬೇಕೆಂದೂ ಯೋಚಿಸಿಬಿಟ್ಟೆ.

ಅತ್ತೆ ಒದ್ದೆ ನೆಲದ ಮೇಲೇ ಕುಸಿದು ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡರು. ಎದೆಯ ಮೇಲಿನ ಲಿಂಗವನ್ನು ಹಿಡಿದು ಮೆಲ್ಲಗೆ ಕೇಳಿದರು.

"ಖರೇ ಹೇಳವಾ. ಎಂದಾದ್ರೂ ಬೆಳಿಗೆ ಹೊಡಿಯೋ ಆ ಎಣ್ಣಿ ಕಡಿಗೆ ಮನಸ್ಸು ಹೋಗಿತ್ತೇನು?"

ಇಲ್ಲ ಎನ್ನಲು ಬಾಯಿ ತೆರೆದೆ. ಅಳು ಬಂತು.

ಅತ್ತೆ ಎದ್ದುಹೋಗಿ ಗೋದಾಮಿಗೆ ಬೀಗ ಜಡಿದು, ಕೀಲಿಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರಿರುವ ತನಕ ಅದು ಅಲ್ಲೇ ಇತ್ತು.